ಬೆಳಕು ಸಮ ಮಾಡಿದವರು

ನಮ್ಮೂರಿನಲ್ಲಿ ಬೆಳಕು ಎಲ್ಲರ ಮನೆಗೂ ಒಂದೇ ಸಮನಾಗಿ ಬೀಳುವುದಿಲ್ಲ. ಬೆಳಗಾದರೆ ಅದು ಮೂಡಲ ಬಂಡೆಯ ಬಿರುಕಿನಿಂದ ಬರುತ್ತದೆ, ಎದುರಿಗಿರುವ ಕರಿಗಲ್ಲಿನ ನುಣುಪು ಗೋಡೆಗೆ ಬಡಿಯುತ್ತದೆ, ಅಲ್ಲಿಂದ ಊರಿನ ಮೇಲೆ ಇಳಿಯುತ್ತದೆ. ಅನ್ನದ ಗುಡ್ಡೆಯ ನೆತ್ತಿಗೆ ತುಪ್ಪ ಬಡಿಸಿದ ಹಾಗೆ ನಡುಪೇಟೆಯಲ್ಲಿ ದಟ್ಟವಾಗಿ ನಿಲ್ಲುತ್ತದೆ. ಅಲ್ಲಿಂದ ಸುತ್ತಲಿಗೆ ಹೋದಂತೆ ತೆಳುವಾಗುತ್ತ, ಅಂಚಿನ ಕೇರಿ ಮುಟ್ಟುವ ಹೊತ್ತಿಗೆ ಸವರಿದಷ್ಟೇ ಉಳಿದಿರುತ್ತದೆ.

ನಾನು ನಡುಪೇಟೆಯವಳು. ಹಪ್ಪಳ ಮಾಡಿ ಮಾರುವುದು ನನ್ನ ಕಸುಬು. ನಮ್ಮ ಮಾಳಿಗೆಯ ಮೇಲೆ ಬೆಳಿಗ್ಗೆ ಹಾಸಿದ ಹಪ್ಪಳ ಊಟದ ಹೊತ್ತಿಗೆ ಗರಿಗರಿಯಾಗಿರುತ್ತದೆ. ಅಂಚಿನಲ್ಲಿ ಹಾಸಿದರೆ ಒಣಗುವ ಮುಂಚೆ ಬೂಸ್ಟು ಹಿಡಿಯುತ್ತದೆ. ಆದರೆ ಅಲ್ಲಿ ಬೆಳೆಯುವಂಥ ವೀಳ್ಯದೆಲೆ ನಮ್ಮ ಕಡೆ ಒಂದು ಕುಡಿಯೂ ಚಿಗುರುವುದಿಲ್ಲ. ನಾವು ಕೊಡೆ ಇಲ್ಲದೆ ಹೊಸ್ತಿಲು ದಾಟುವುದಿಲ್ಲ, ಮನೆಗೆ ಕಿಟಕಿ ಇಡಿಸುವುದಿಲ್ಲ, ಬಣ್ಣದ ಸೀರೆಗೆ ಆಸೆ ಪಡುವುದಿಲ್ಲ. ಅಂಚಿನವರ ಮನೆಗಳಲ್ಲಿ ಗೋಡೆಗಿಂತ ಕಿಟಕಿಯೇ ಹೆಚ್ಚು. ಅವರ ಕಣ್ಣುಗಳು ಅಗಲ. ನಮಗೆ ಕತ್ತಲೆ ಅನ್ನಿಸುವ ಕಡೆ ಅವರು ಕೂತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಾರೆ. ಸಂಜೆ ಬೆಳಕು ಇಳಿದ ಮೇಲಷ್ಟೇ ಸಂತೆಗೆ ನಮ್ಮ ಕಡೆ ಬರುತ್ತಾರೆ. ಹೆಣ್ಣು ಕೊಟ್ಟು ತರುವುದು ಮಾತ್ರ ಎರಡು ಕಡೆಯವರಿಗೂ ರೂಢಿಯಿರಲಿಲ್ಲ. ಯಾರೂ ಬೇಡ ಅಂದಿರಲಿಲ್ಲ, ಆಗುವ ಮಾತಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ನನ್ನ ಅಣ್ಣ ಮೌನೇಶಾಚಾರಿ ಕನ್ನಡಿ ಮಾಡುವವನು. ಕಂಚಿನ ತಗಡನ್ನು ತಿಕ್ಕಿ ತಿಕ್ಕಿ ಮುಖ ಕಾಣುವ ಹಾಗೆ ಮಾಡುತ್ತಿದ್ದ. ಒಂದು ಸಂಜೆ ಸಂತೆಯಲ್ಲಿ ಅಂಚಿನ ಕೇರಿಯ ಹುಡುಗಿಯೊಬ್ಬಳು ಅವನ ಕನ್ನಡಿಯೊಂದನ್ನು ಎತ್ತಿಕೊಂಡು ಪಕ್ಕದ ಸುಣ್ಣದ ಗೋಡೆಗೆ ದೀಪದ ಬೆಳಕು ಬಿಟ್ಟಳು. "ಇಲ್ಲಿ ಒಂಚೂರು ತಗ್ಗೈತೆ ಆಚಾರ್ರೆ. ನೋಡಿ, ಗೋಡೆ ಮ್ಯಾಲೆ ಈ ಜಾಗದಲ್ಲಿ ಬೆಳಕು ಗುಂಪು ಕಟ್ಟೈತೆ," ಅಂದಳು. ಅಣ್ಣ ನೋಡಿದ, ನಾನೂ ನೋಡಿದೆ. ನಮಗೆ ಗೋಡೆಯೆಲ್ಲ ಒಂದೇ ಥರ ಕಂಡಿತು. ಅಣ್ಣ ಕನ್ನಡಿ ಮನೆಗೆ ತಂದು ಅವಳು ತೋರಿಸಿದ ಜಾಗಕ್ಕೆ ಬೆರಳು ಆಡಿಸಿದಾಗ ತಗ್ಗು ಕೈಗೆ ಸಿಕ್ಕಿತು. ಮುಂದಿನ ಸಂತೆಗೆ ಅವನು ಐದಾರು ಕನ್ನಡಿ ಹೊತ್ತುಕೊಂಡು ಹೋದ, ಮಾರುವುದಕ್ಕಲ್ಲ, ಅವಳಿಗೆ ತೋರಿಸುವುದಕ್ಕೆ. ಅವಳೇ ದೇವೀರಮ್ಮ, ಎಲೆ ಬಳ್ಳಿಯ ವೀರಾಚಾರಿಯ ಮಗಳು.

ಮದುವೆ ಮುಸ್ಸಂಜೆಯಲ್ಲಿ ನಡೆಯಿತು. ಅತ್ತಿಗೆ ನಮ್ಮ ಮನೆಗೆ ಬಂದವಳು ಮೊದಲ ಬೆಳಿಗ್ಗೆಯೇ ಕಣ್ಣಿಗೆ ಕರಿಯ ಬಟ್ಟೆ ಕಟ್ಟಿಕೊಂಡಳು. ಬಾಗಿಲ ಸಂದಿನಿಂದ ಬರುವ ಬೆಳಕೇ ಅವಳಿಗೆ ಹೆಚ್ಚಾಗುತ್ತಿತ್ತು. ಹಾಗಿದ್ದರೂ ಒಲೆ ಹಚ್ಚುವಳು, ಸಾರಿಗೆ ಉಪ್ಪು ಹಾಕುವಳು, ನನ್ನ ಜೊತೆ ಕೂತು ಹಪ್ಪಳದ ಹಿಟ್ಟು ಕುಟ್ಟುವಳು. "ಕಣ್ಣು ಮುಚ್ಚಿದ್ರೂ ಬಾಯಿ ಮುಚ್ಚಿಲ್ವಲ್ಲ ಕಾಳಿ, ಅದಕ್ಕೇ ಹೊತ್ತು ಹೋಗ್ತೈತೆ," ಎಂದು ನಗುತ್ತಿದ್ದಳು. ಸಂಜೆ ಕಣ್ಣಿನ ಬಟ್ಟೆ ಬಿಚ್ಚಿ ಅಣ್ಣನ ಎದುರು ಕೂತಾಗ ಆ ಕಣ್ಣುಗಳನ್ನು ನೋಡಬೇಕಿತ್ತು. ಅವನ ಮುಖದ ಮೇಲೆ ಏನು ಹುಡುಕುತ್ತಿದ್ದಳೋ, ಸುಮ್ಮನೆ ನೋಡುತ್ತಲೇ ಇರುತ್ತಿದ್ದಳು.

ಒಂದು ಮಧ್ಯಾಹ್ನ ನಾನು ಅಂಗಡಿಗೆ ಹೋಗಿದ್ದಾಗ ಹನಿ ಬಿತ್ತಂತೆ. ಮಾಳಿಗೆ ಮೇಲೆ ಹಪ್ಪಳ ಇದೆಯಲ್ಲ ಎಂದು ಅತ್ತಿಗೆ ಓಡಿ ಹೋಗಿದ್ದಾಳೆ. ಆತುರದಲ್ಲಿ ಕಣ್ಣಿನ ಬಟ್ಟೆ ಜಾರಿದೆ. ನಾನು ಬರುವಷ್ಟರಲ್ಲಿ ಹಪ್ಪಳವನ್ನೆಲ್ಲ ಸೆರಗಿನಲ್ಲಿ ತುಂಬಿಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು, ಕಣ್ಣುಗಳಿಂದ ನೀರು ಧಾರೆಯಾಗಿ ಹರಿಯುತ್ತಿತ್ತು. ಮಾರನೆಯ ದಿನಕ್ಕೆ ರೆಪ್ಪೆ ಊದಿ ಮುಖವೇ ಗುರುತು ಸಿಗದಂತಾಯಿತು. ಅವಳ ಅಪ್ಪ ವೀರಾಚಾರಿ ಸಂಜೆಗೆ ಬಂದರು. ಯಾರನ್ನೂ ಬೈಯಲಿಲ್ಲ. ಮಗಳ ತಲೆಗೆ ಕಂಬಳಿ ಹೊದಿಸಿ, "ಸ್ವಲ್ಪ ದಿನ ಇರ್ಲಿ ಅಳಿಯಂದ್ರೆ, ವಾಸಿಯಾಗ್ಲಿ," ಎಂದು ಕೈ ಹಿಡಿದು ಕರೆದುಕೊಂಡು ಹೋದರು. ಕಣ್ಣು ವಾಸಿಯಾಯಿತು. ಮತ್ತೆ ಕಳಿಸಿ ಎಂದು ಕೇಳುವ ಮುಖ ನಮಗಿರಲಿಲ್ಲ. ಅಣ್ಣ ತಾನೇ ಅಲ್ಲಿಗೆ ಹೋಗಿ ಒಂದು ಮಳೆಗಾಲ ಇದ್ದ. ಅಲ್ಲಿ ಅವನಿಗೆ ಹಗಲಲ್ಲೂ ದಾರಿ ಕಾಣುತ್ತಿರಲಿಲ್ಲ. ಕನ್ನಡಿ ತಿಕ್ಕಿದರೆ ಹೊಳಪು ಬಂತೋ ಇಲ್ಲವೋ ತಿಳಿಯುತ್ತಿರಲಿಲ್ಲ. ಮಾವನ ಮನೆಯ ತಾಟು ಲೋಟ ಎಡವಿ ಬೀಳಿಸುತ್ತ, ಕೊನೆಗೆ ನಾಚಿಕೆಯಾಗಿ ಹಿಂದಕ್ಕೆ ಬಂದ.

ಬಂದವನು ಮಾತು ಕಡಿಮೆ ಮಾಡಿದ. ಮಾಳಿಗೆಯ ಮೇಲೆ ಕೊಡೆ ಹಿಡಿದು ಕೂತು ಕರಿಗಲ್ಲಿನ ಗೋಡೆಯನ್ನೇ ನೋಡುತ್ತಿದ್ದ. ಒಂದು ದಿನ ನನ್ನನ್ನು ಕರೆದು, ಕೈಯಲ್ಲಿದ್ದ ತೆಳು ತಗಡನ್ನು ಹಿಂದಿನಿಂದ ಹೆಬ್ಬೆರಳಲ್ಲಿ ಒತ್ತಿ ಗೋಡೆಯ ಮೇಲೆ ಬೆಳಕು ಬಿಟ್ಟು ತೋರಿಸಿದ. "ನೋಡು ಕಾಳಿ. ತಗಡು ಉಬ್ಬಿದ್ರೆ ಬೆಳಕು ಚೆದುರ್ತದೆ. ಬೆರಳು ತೆಗೆದು ತಗ್ಗು ಮಾಡಿದ್ರೆ ಒಂದು ಕಡೆ ಸೇರ್ತದೆ. ಆ ಕಲ್ಲು ಹೆಂಗೈತೋ ಹಂಗೇ ಇರ್ತದೆ, ಬಗ್ಗಲ್ಲ. ಅದರ ಮುಂದೆ ಬಗ್ಗೋ ಅಂಥದ್ದು ನಿಲ್ಲಿಸಿದ್ರೆ?" ಅಂದ. ನಡುಪೇಟೆಗೆ ಬೀಳುವ ಹೆಚ್ಚಿನ ಬೆಳಕನ್ನು ಅಂಚಿಗೆ ತಳ್ಳಬೇಕು, ಊರಿಗೆಲ್ಲ ಒಂದೇ ಹದದ ಬೆಳಕು ಬೀಳಬೇಕು ಎಂಬುದು ಅವನ ಆಲೋಚನೆ. ಆಗ ಅತ್ತಿಗೆ ಎಲ್ಲಿದ್ದರೂ ಇರಬಹುದು.

ಊರ ಯಜಮಾನರು ಹೊನ್ನೇಗೌಡರು. ಅವರ ಜಗಲಿಯಲ್ಲಿ ಎರಡೂ ಕಡೆಯವರು ಒಂದು ಸಂಜೆ ಸೇರಿದರು. ನಡುಪೇಟೆಯವರು ಅನುಮಾನಿಸಿದರು. ಮೆಣಸಿನಕಾಯಿ ಒಣಗಿಸುವವರಿದ್ದರು, ಇಟ್ಟಿಗೆ ಹಾಕುವವರಿದ್ದರು, ನಾನೂ ಇದ್ದೆ. ಆದರೆ ಬೆವರಿಗೆ, ಕೊಡೆಗೆ, ಮಕ್ಕಳ ಮೈಮೇಲೇಳುವ ಬೊಕ್ಕೆಗೆ ಎಲ್ಲರೂ ಬೇಸತ್ತಿದ್ದರು. ಅಂಚಿನವರ ಕಣ್ಣಲ್ಲಿ ಆಸೆಯಿತ್ತು. ಹೊನ್ನೇಗೌಡರು ವೀರಾಚಾರಿಯ ಕಡೆ ತಿರುಗಿ, "ನಿಮ್ಮದೇ ದೊಡ್ಡ ತೋಟ. ಬೆಳಕು ಹೆಚ್ಚಾದ್ರೆ ಬಳ್ಳಿ ತಡೀತದಾ ಆಚಾರ್ರೆ?" ಎಂದು ಕೇಳಿದರು. ಅವರು, "ತಡೆಯಲ್ಲ," ಅಂದರು. ಆಮೇಲೆ, "ಬಳ್ಳಿ ಹೋದ್ರೆ ಹೋಗ್ಲಿ ಯಜಮಾನ್ರೆ. ಮಗಳು ಗಂಡನ ಮನೇಲಿರ್ಲಿ," ಅಂದರು. ಅಲ್ಲಿಗೆ ಮಾತು ಮುಗಿಯಿತು.

ತಗಡು ತಯಾರಾಗಲು ಬಹಳ ಕಾಲ ಹಿಡಿಯಿತು. ಊರಿನ ಹಳೆಯ ಪಾತ್ರೆಗಳೆಲ್ಲ ಕರಗಿದವು. ತುಂಡು ತುಂಡು ತಗಡುಗಳನ್ನು ಬೆಸೆದು, ಕರಿಗಲ್ಲಿನ ಗೋಡೆಯಷ್ಟು ಅಗಲ ಮಾಡಿ, ಹಿಂದೆ ಸಾಲು ಸಾಲಾಗಿ ತಿರುಪುಗಳನ್ನು ಕೂರಿಸಿದರು. ಒಂದು ತಿರುಪು ಒಳಕ್ಕೆ ತಿರುಗಿಸಿದರೆ ಅಲ್ಲಿ ತಗಡು ಉಬ್ಬುವುದು, ಹೊರಕ್ಕೆ ತಿರುಗಿಸಿದರೆ ತಗ್ಗುವುದು. ನಿಲ್ಲಿಸಿದ ಮೊದಲ ದಿನ ಊರೆಲ್ಲ ಗಲಿಬಿಲಿಯಾಯಿತು. ಹೊನ್ನೇಗೌಡರ ಹಟ್ಟಿಯಲ್ಲಿ ಬೆಳಕು ಕೆರೆ ಕಟ್ಟಿ ನಿಂತರೆ ಪಕ್ಕದ ಮನೆಯವರು ದೀಪ ಹಚ್ಚಿದರು. ಅಣ್ಣ ಒಂದು ಕಡೆ ಸರಿಮಾಡಿದರೆ ಇನ್ನೊಂದು ಕಡೆ ಕೆಡುತ್ತಿತ್ತು. ತಗಡಿನ ಹಿಂದೆ ಕರಿಗಲ್ಲಿನ ಬಂಡೆಯ ಮೇಲಿದ್ದ ಅವನಿಗೆ ಕೆಳಗೆ ಎಲ್ಲಿ ಹೆಚ್ಚು ಎಲ್ಲಿ ಕಡಿಮೆ ಎಂಬುದೇ ತಿಳಿಯುತ್ತಿರಲಿಲ್ಲ. ಕೆಳಗಿದ್ದ ನಮಗೂ ಅಷ್ಟೆ. ಬಹಳ ಹೆಚ್ಚಾದರೆ ಕಾಣುತ್ತಿತ್ತು, ಸ್ವಲ್ಪ ಹೆಚ್ಚಾದರೆ ಕಾಣುತ್ತಿರಲಿಲ್ಲ. ಆ ಸ್ವಲ್ಪ ನೋಡಬಲ್ಲವಳು ಯಾರೆಂದು ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ.

ಊರ ನಡುವಿನ ಮಂಟಪದ ಮೇಲೆ ಎತ್ತರದ ಅಟ್ಟ ಕಟ್ಟಿ, ಸುತ್ತ ಚಾಪೆ ಇಳಿಬಿಟ್ಟು, ನೋಡಲು ಸಣ್ಣ ಸಂದು ಮಾತ್ರ ಬಿಟ್ಟರು. ಪ್ರತಿಯೊಂದು ಮನೆಯವರೂ ತಮ್ಮ ಮಾಳಿಗೆಯ ಅಡ್ಡಗೋಡೆಗೆ ಸುಣ್ಣ ಬಳಿದರು. ಅತ್ತಿಗೆ ಬೆಳಕು ಬರುವ ಮುಂಚೆ ಅಟ್ಟ ಹತ್ತಿ ಕೂರುವಳು. ಸಂದಿನಿಂದ ಒಂದೊಂದೇ ಬಿಳಿ ಗೋಡೆ ನೋಡುವಳು. ಎಲ್ಲಿ ಬೆಳಕು ಹೆಚ್ಚೋ ಆ ಕಡೆಗೆ ಕೆಂಪು ಬಟ್ಟೆ ಕಟ್ಟಿದ ಬಿದಿರಿನ ಗಳ ಚಾಚಿ ಮೇಲಕ್ಕೆತ್ತುವಳು. ಕಡಿಮೆಯಿದ್ದರೆ ಕೆಳಗಿಳಿಸುವಳು. ಅಣ್ಣ ಬಂಡೆಯಿಂದ ಗಳ ನೋಡಿ ತಿರುಪು ತಿರುಗಿಸುವನು. ಅವಳು ಮತ್ತೆ ನೋಡುವಳು, ಮತ್ತೆ ಗಳ ಎತ್ತುವಳು. ಹೀಗೆ ದಿನಗಟ್ಟಲೆ ನಡೆದು, ಒಂದು ಬೆಳಿಗ್ಗೆ ಅವಳು ಗಳವನ್ನು ಒಳಕ್ಕೆಳೆದುಕೊಂಡು ಸುಮ್ಮನೆ ಕೂತಳು.

ಆ ಬೆಳಿಗ್ಗೆಯನ್ನು ಕಂಡವರು ಮರೆಯಲಾರರು. ಊರಿನ ಗೋಡೆಗಳೆಲ್ಲ ಒಂದೇ ಬಿಳುಪಾಗಿದ್ದವು. ನಾವು ಕೊಡೆ ಮಡಿಸಿ ಬೀದಿಯಲ್ಲಿ ನಿಂತೆವು, ತಲೆಯ ಮೇಲಿಂದ ಯಾರೋ ಕೈ ತೆಗೆದ ಹಾಗಾಯಿತು. ಅಂಚಿನ ಕೇರಿಯ ಮುದುಕಿಯರು ತಮ್ಮ ಸೀರೆಗಳ ಬಣ್ಣ ಇಂಥದೆಂದು ಮೊದಲ ಸಲ ನೋಡಿಕೊಂಡು ನಾಚಿದರು. ಹೆಂಗಸರು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಸುಮ್ಮನೆ ನಡೆದಾಡಿದರು. ಅತ್ತಿಗೆ ಕಣ್ಣು ಕಿರಿದು ಮಾಡಿಕೊಂಡು, ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳದೆ, ಹಾಡುಹಗಲಲ್ಲಿ ನಮ್ಮ ಮನೆಯ ಬಾಗಿಲು ದಾಟಿ ಒಳಗೆ ಬಂದಳು. ಒಲೆ ಮುಂದೆ ಕೂತು, "ನಿಮ್ಮ ಅಡುಗೆಮನೆ ಇಷ್ಟು ಮಸಿ ಹಿಡಿದೈತೆ ಅಂತ ಯಾರೂ ಹೇಳಿರ್ಲಿಲ್ವಲ್ಲೇ ಕಾಳಿ," ಅಂದಳು.

ಸಮ ಮಾಡಿದ ಬೆಳಕು ಸಮವಾಗಿಯೇ ನಿಲ್ಲುತ್ತದೆ ಎಂದು ನಾವು ತಿಳಿದಿದ್ದೆವು. ನಿಲ್ಲಲಿಲ್ಲ. ಬಿರುಕಿನಿಂದ ಬರುವ ಬೆಳಕು ಒಂದು ಗಳಿಗೆ ಇದ್ದ ಹಾಗೆ ಇನ್ನೊಂದು ಗಳಿಗೆ ಇರುವುದಿಲ್ಲ. ಇಟ್ಟಿಗೆ ಗೂಡಿನ ಬಿಸಿಗಾಳಿ ಎದ್ದರೆ ನಡುಗುತ್ತದೆ, ಮೋಡ ಕವಿದರೆ ವಾಲುತ್ತದೆ, ತಗಡು ಕಾದರೆ ತಾನೇ ಸೊಟ್ಟಗಾಗುತ್ತದೆ. ಅದು ಬದಲಾದ ಹಾಗೆಲ್ಲ ತಿರುಪುಗಳೂ ಬದಲಾಗಬೇಕು. ಹಾಗಾಗಿ ಅಣ್ಣ ಬೆಳಗಿನಿಂದ ಬೈಗಿನವರೆಗೆ ಬಂಡೆಯ ಮೇಲೆ, ಅತ್ತಿಗೆ ಬೆಳಗಿನಿಂದ ಬೈಗಿನವರೆಗೆ ಅಟ್ಟದ ಮೇಲೆ. ಒಂದು ದಿನ ಬಿಟ್ಟರೂ ಊರು ಏರುಪೇರಾಗುತ್ತಿತ್ತು. ನಾನು ಮೊದಲು ಅಟ್ಟಕ್ಕೆ ಬುತ್ತಿ ಕೊಟ್ಟು, ಆಮೇಲೆ ಬಂಡೆ ಹತ್ತಿ ಅಣ್ಣನಿಗೆ ಕೊಟ್ಟು ಬರುತ್ತಿದ್ದೆ. "ಹಗಲೆಲ್ಲ ನಿಮ್ಮಣ್ಣನ ಕಡೇನೇ ನೋಡ್ತೀನಿ. ಎಳ್ಳಿನಷ್ಟು ಕಾಣ್ತಾರೆ," ಎಂದು ಅತ್ತಿಗೆ ನಗುವಳು. "ಇವತ್ತು ಬುತ್ತಿ ಬಿಚ್ಚೋಕೆ ಮುಂಚೆ ಒಂದ್ಸಲ ಗಳ ಎತ್ತಿದ್ಲು, ಯಾಕೆ ಕೇಳು," ಎಂದು ಅಣ್ಣ ಹೇಳಿ ಕಳಿಸುವನು. ಕೇಳಿದರೆ, "ಸುಮ್ಮನೆ. ಊಟ ಮಾಡಿ ಅಂತ," ಎನ್ನುವಳು. ಬೈಗಾದ ಮೇಲೆ ಇಬ್ಬರೂ ಮನೆಗೆ ಬರುತ್ತಿದ್ದರು. ಅಣ್ಣನ ಅಂಗೈ ತಿರುಪು ತಿರುಗಿಸಿ ಬಾತಿರುತ್ತಿತ್ತು, ಅತ್ತಿಗೆ ಹಣೆ ಒತ್ತಿಕೊಳ್ಳುತ್ತ ಕೂರುತ್ತಿದ್ದಳು. ಉಣ್ಣುವುದಕ್ಕೂ ಆಗದಷ್ಟು ಆಯಾಸ. ಜೊತೆಗಿರಲೆಂದು ಮಾಡಿದ ಕೆಲಸ ಅವರ ಹಗಲುಗಳನ್ನೆಲ್ಲ ತೆಗೆದುಕೊಂಡಿತ್ತು. ಆದರೂ ಅವರು ಒಂದು ಸೂರಿನ ಕೆಳಗಿದ್ದರು, ಅಷ್ಟಕ್ಕೇ ತೃಪ್ತಿಪಟ್ಟುಕೊಂಡಿದ್ದರು.

ಊರು ಹೊಂದಿಕೊಂಡಿತು. ನನ್ನ ಹಪ್ಪಳ ಒಂದೇ ಹೊತ್ತಿಗೆ ಒಣಗುತ್ತಿರಲಿಲ್ಲ, ಮಾರನೆಯ ದಿನವೂ ಹಾಸಬೇಕಾಗುತ್ತಿತ್ತು. ನಾನು ಇನ್ನಷ್ಟು ತೆಳ್ಳಗೆ ಲಟ್ಟಿಸುವುದನ್ನು ಕಲಿತೆ. ನಡುಪೇಟೆಯವರು ಗೋಡೆ ಒಡೆದು ಕಿಟಕಿ ಇಡಿಸಿದರು. ಅಂಚಿನವರು ಕಿಟಕಿಗಳನ್ನು ಮುಚ್ಚಿಸಿ ಕಪಾಟು ಮಾಡಿಕೊಂಡರು. ಕೊಡುವ ತರುವ ಮದುವೆಗಳಾದವು. ವೀರಾಚಾರಿಯ ತೋಟ ಒಂದು ಬೇಸಿಗೆಗೆ ಹಳದಿಯಾಗಿ ಹೋಯಿತು. ಅವರು ಆ ಜಾಗದಲ್ಲಿ ಅವರೆ ಹಾಕಿದರು. ಹೋದಾಗೆಲ್ಲ ನನಗೆ ಎಳೆಯ ಅವರೆಕಾಯಿ ಕಟ್ಟಿ ಕೊಡುತ್ತಿದ್ದರು, ಬಳ್ಳಿಯ ಮಾತು ಎತ್ತುತ್ತಿರಲಿಲ್ಲ.

ಅತ್ತಿಗೆ ಕಣ್ಣು ಕಿರಿದು ಮಾಡುವುದನ್ನು ಯಾವಾಗ ಬಿಟ್ಟಳೋ ನಮಗೆ ಗೊತ್ತಾಗಲಿಲ್ಲ. ಅಟ್ಟದ ಚಾಪೆಗಳನ್ನು ಒಂದೊಂದಾಗಿ ತೆಗೆಸಿದಳು. ಆಮೇಲೆ ಮಧ್ಯಾಹ್ನ ಬಾವಿಕಟ್ಟೆಯ ಮೇಲೆ ಕೂತು ತಲೆ ಬಾಚಿಕೊಳ್ಳುವಷ್ಟಾದಳು. ನಮ್ಮ ಕೇರಿಯವರು, "ಈಗ ಪೂರ್ತಿ ನಮ್ಮೋಳಾದ್ಲು," ಎಂದು ಸಂತೋಷಪಟ್ಟರು. ನನಗೂ ಸಂತೋಷವೇ ಆಗಿತ್ತು. ಒಂದು ದಿನ ಬುತ್ತಿ ಕೊಡಲು ಹೋದಾಗ ಅವಳು ನನ್ನ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು. "ಆ ಎರಡು ಗೋಡೇಲಿ ಯಾವುದು ಬೆಳ್ಳಗೈತೆ ನೋಡು," ಅಂದಳು. "ನನಗೇನು ತಿಳೀತದೆ ಅತ್ತಿಗೆ? ಎರಡೂ ಒಂದೇ ಥರ ಐತೆ," ಅಂದೆ. ಅವಳು ಗಳವನ್ನು ಮಡಿಲಿಗೆಳೆದುಕೊಂಡು, "ನನಗೂ ಹಂಗೇ ಕಾಣ್ತದೆ," ಅಂದಳು.

ಅವಳು ಮುಚ್ಚಿಡಲಿಲ್ಲ. ಆ ಸಂಜೆಯೇ ಊಟದ ಮುಂದೆ ಅಣ್ಣನಿಗೆ ಹೇಳಿದಳು. "ನನಗೆ ಮೊದಲಿನ ಹಂಗೆ ತಿಳೀತಿಲ್ಲ. ಎಲ್ಲಾ ಒಂದೇ ಅನ್ನಿಸ್ತದೆ." ಅಣ್ಣ, "ಎಲ್ಲಾ ಒಂದೇ ಆಗೈತೆ, ಅದಕ್ಕೇ ಹಂಗನ್ನಿಸ್ತದೆ," ಅಂದ. ಅವಳು ತಲೆಯಾಡಿಸಿದಳು. "ಇಲ್ಲ. ಒಂದೇ ಆಗಿದ್ರೂ ತಿಳೀತಿತ್ತು, ಆಗದಿದ್ರೂ ತಿಳೀತಿತ್ತು. ಈಗ ಎರಡೂ ತಿಳಿಯಲ್ಲ." ಅಣ್ಣ ತುತ್ತನ್ನು ಎಲೆಗೆ ಹಾಕಿ ಕೂತ. ಹೊನ್ನೇಗೌಡರಿಗೆ ಹೇಳಿ ಅಂಚಿನ ಕೇರಿಯಿಂದ ಬೇರೆಯವರನ್ನು ಕರೆಸಿ ಅಟ್ಟ ಹತ್ತಿಸಿದರು. ದೊಡ್ಡವರು, ಹರೆಯದವರು, ಹೆಂಗಸರು, ಗಂಡಸರು, ಎಲ್ಲರೂ ಹತ್ತಿ ನೋಡಿ ಇಳಿದರು. ಯಾರಿಗೂ ತಿಳಿಯಲಿಲ್ಲ. ಸಮ ಬೆಳಕಿನಲ್ಲಿ ಬಾಳಿ ಬಾಳಿ ಅಂಚಿನವರ ಕಣ್ಣುಗಳೂ ನಮ್ಮ ಕಣ್ಣುಗಳೇ ಆಗಿದ್ದವು. ಊರಿನಲ್ಲಿ ಈಗ ಬೆಳಕಿನ ಹೆಚ್ಚುಕಡಿಮೆ ನೋಡಬಲ್ಲವರು ಒಬ್ಬರೂ ಉಳಿದಿರಲಿಲ್ಲ.

"ಯಾರ ಕಣ್ಣಿಗೂ ಕಾಣದ ವ್ಯತ್ಯಾಸ ಇದ್ರೇನು, ಇಲ್ಲದಿದ್ರೇನು? ನಡೀಲಿ ಬಿಡಿ," ಅಂದರು ಹೊನ್ನೇಗೌಡರು. ಆ ಮಾತು ಎಲ್ಲರಿಗೂ ಸರಿಯೆನಿಸಿತು. ಮನೆಗೆ ಬಂದ ಮೇಲೆ ಅಣ್ಣ ಅತ್ತಿಗೆಗೆ, "ಇಷ್ಟು ವರ್ಷ ಮಾಡಿದ ಕೈ. ಅಂದಾಜಿನ ಮೇಲೆ ಗಳ ಎತ್ತು. ನಾನೂ ಅಂದಾಜಿನ ಮೇಲೆ ತಿರುಗಿಸ್ತೀನಿ," ಅಂದ. "ತಪ್ಪಾದ್ರೆ?" ಎಂದು ಅವಳು ಕೇಳಿದಳು. "ತಗಡು ತೆಗೆದ್ರೆ ನೀನು ಎಲ್ಲಿಗೆ ಹೋಗ್ಬೇಕು ಗೊತ್ತಲ್ಲ," ಅಂದ. ಮಾರನೆಯ ಬೆಳಿಗ್ಗೆ ಅವಳು ಅಟ್ಟ ಹತ್ತಿದಳು. ನಾನು ಬುತ್ತಿ ತೆಗೆದುಕೊಂಡು ಹೋದಾಗ ಗಳ ಎಂದಿನ ಹಾಗೆ ಏಳುತ್ತಿತ್ತು, ಇಳಿಯುತ್ತಿತ್ತು. ಅವಳ ಮುಖ ಮಾತ್ರ ಕತ್ತಲೆಯಲ್ಲಿ ಕೈಯಾಡಿಸಿ ಏನನ್ನೋ ಹುಡುಕುವವರ ಮುಖದ ಹಾಗಿತ್ತು.

ಮುಂದಿನ ಬೇಸಿಗೆಯಲ್ಲಿ ನಾನು ಅಂಚಿನ ಕಡೆ ಹಪ್ಪಳ ಮಾರಲು ಹೋದವಳು ವೀರಾಚಾರಿಯ ಮನೆಗೆ ಹೋದೆ. ಅವರ ಅವರೆಯ ಸಾಲೊಂದು ಸುಟ್ಟ ಹಾಗೆ ಒಣಗಿತ್ತು, ಪಕ್ಕದ ಸಾಲು ಹಸಿರಾಗಿತ್ತು. ಅವರು ಜಗಲಿಯಲ್ಲಿ ಬಂಡೆಯ ಕಡೆ ಮುಖ ಮಾಡಿ ಕೂತಿದ್ದರು. ನಾನು ಎದುರಿಗೆ ಹೋಗಿ ನಿಂತರೂ ಯಾರೆಂದು ಕೇಳಿದರು. "ನಾನು ಮಾವ, ಕಾಳಮ್ಮ," ಅಂದೆ. "ಬಾರಮ್ಮ, ಕೂತ್ಕೊ. ಈಚೀಚೆಗೆ ಕಣ್ಣು ಮಂಜಾಗ್ತದೆ. ವಯಸ್ಸಾಯ್ತಲ್ಲ," ಅಂದರು. ಅವರ ಕಣ್ಣಿನ ಕಪ್ಪು ಬೆಂದ ಮೊಟ್ಟೆಯ ಹಾಗೆ ಬೆಳ್ಳಗಾಗಿತ್ತು. ಹೊರಗೆ ಯಾಕೆ ಕೂತಿದ್ದೀರಿ, ಒಳಗೆ ಬನ್ನಿ ಎಂದು ಕೈ ಹಿಡಿದೆ. ಅವರು ಎದ್ದೇಳಲಿಲ್ಲ. "ಇಲ್ಲೇ ಚೆನ್ನಾಗೈತೆ. ಬೆಚ್ಚಗೆ ಮುಖಕ್ಕೆ ಬೀಳ್ತದೆ. ಎಲ್ಲರ ಮನೆಗೂ ಹಿಂಗೇ ಬೀಳ್ತದಂತಲ್ಲ. ನನ್ನ ಮಗಳು ಕಳಿಸೋ ಬೆಳಕು ಅಂತ ದಿನಾ ಬೆಳಿಗ್ಗೆ ಇದಕ್ಕೆ ಎದುರಾಗಿ ಕೂರ್ತೀನಿ. ಅಟ್ಟದ ಮೇಲಿಂದ ಅವಳೂ ಈ ಕಡೆ ನೋಡ್ತಿರ್ತಾಳಲ್ಲ," ಅಂದರು. ನಾನು ಅವರ ಪಕ್ಕ ಕೂತೆ. ಕೂತ ಸ್ವಲ್ಪ ಹೊತ್ತಿಗೆ ನನ್ನ ಕೆನ್ನೆ ಚುರುಗುಟ್ಟಿತು. ನಡುಪೇಟೆಯ ಹಳೆಯ ಮಧ್ಯಾಹ್ನಗಳಲ್ಲೂ ಅಷ್ಟು ಬಿಸಿಯಿದ್ದ ನೆನಪು ನನಗಿಲ್ಲ. ಸಮ ಬೆಳಕಿಗೆ ಒಗ್ಗಿದ ನನ್ನ ಕಣ್ಣಿಗೆ ಮಾತ್ರ ಅದು ಕಂಡಿರಲಿಲ್ಲ.

ನಾನು ಓಡಿ ಬಂದು ಅಟ್ಟದ ಕೆಳಗೆ ನಿಂತು ಅತ್ತಿಗೆಯನ್ನು ಕರೆದೆ. ಅವಳು ಗಳವನ್ನು ಅಲ್ಲೇ ಒರಗಿಸಿ ಇಳಿದು ಬಂದಳು. ಇಬ್ಬರೂ ಅಂಚಿನ ಕೇರಿಗೆ ಓಡಿದೆವು. ಅಪ್ಪನ ಅಂಗಳದಲ್ಲಿ ನಿಂತು ಸುತ್ತ ನೋಡಿದಳು, ಜಗಲಿಯ ಗೋಡೆ ನೋಡಿದಳು, ಪಕ್ಕದ ಮನೆಯ ಗೋಡೆ ನೋಡಿದಳು. ಆಗಲೂ ಅವಳಿಗೆ ಕಾಣಲಿಲ್ಲ ಎಂಬುದು ನನಗೆ ತಿಳಿಯಿತು. ಕೊನೆಗೆ ಅಂಗೈಯನ್ನು ಬೆಳಕಿಗೆ ಒಡ್ಡಿದಳು. ಒಂದು ಹೆಜ್ಜೆ ಆಚೆಗೆ ಸರಿದು ಮತ್ತೆ ಒಡ್ಡಿದಳು. ಮತ್ತೆ ಈಚೆಗೆ ಬಂದು ಒಡ್ಡಿದಳು. "ದೇವೀರಿ ಬಂದ್ಲಾ?" ಎಂದರು ವೀರಾಚಾರಿ, ಗೆಜ್ಜೆಯ ಸದ್ದಿಗೆ ಮುಖ ತಿರುಗಿಸಿ. "ಬಂದೆ ಅಪ್ಪ," ಎಂದು ಅವಳು ಅವರ ಮುಂದೆ ಕೂತು, ಎರಡೂ ಕೈಯಿಂದ ಅವರ ಮುಖ ಹಿಡಿದು, ಕಣ್ಣುಗಳನ್ನು ಹತ್ತಿರದಿಂದ ನೋಡಿದಳು. ಆಮೇಲೆ ತನ್ನ ಸೆರಗನ್ನು ಅವರ ತಲೆಯ ಮೇಲಿಂದ ಮುಖಕ್ಕೆ ಇಳಿಬಿಟ್ಟಳು. "ಯಾಕಮ್ಮ?" ಎಂದರು. "ಸಾಕು ಅಪ್ಪ. ಒಳಗೆ ಹೋಗಾನ," ಅಂದಳು.

ಅವರನ್ನು ಮಲಗಿಸಿ, ನನಗೆ ಕಾವಲಿಗಿರು ಎನ್ನದೆ, ಬಾ ಎಂದು ಕರೆದುಕೊಂಡು ನೇರ ಬಂಡೆಯ ದಾರಿ ಹಿಡಿದಳು. ಅವಳು ಆ ಬಂಡೆ ಹತ್ತಿದ್ದು ಅದೇ ಮೊದಲು. ಅಟ್ಟದ ಮೇಲೆ ಗಳ ಕಾಣದೆ ಅಣ್ಣ ಗಾಬರಿಯಾಗಿ ಬಂಡೆಯ ತುದಿಗೆ ಬಂದು ನಿಂತಿದ್ದ. ಅವಳು ಏದುಸಿರು ಬಿಡುತ್ತ ಅವನ ಮುಂದೆ ನಿಂತು ಹೇಳಿದಳು. "ನಮ್ಮಪ್ಪನ ಕಣ್ಣು ಹೋಯ್ತು. ನಾವು ಕಳಿಸಿದ ಬೆಳಕಲ್ಲಿ." ಅಣ್ಣ ನನ್ನ ಕಡೆ ನೋಡಿದ. ನಾನು ಹೌದೆಂದೆ. ಅವನು ತಗಡಿನ ಹಿಂದಿನ ತಿರುಪುಗಳ ಸಾಲಿಗೆ ಕೈ ಹಾಕಿದ. "ಯಾವುದನ್ನ ತಿರುಗಿಸ್ಬೇಕು ಹೇಳು, ತಿರುಗಿಸ್ತೀನಿ," ಅಂದ. "ಅದೇ ನನಗೆ ಗೊತ್ತಿಲ್ವಲ್ಲ," ಅಂದಳು ಅತ್ತಿಗೆ. "ಇವತ್ತು ಅಪ್ಪ. ನಾಳೆ ಯಾರ ಮನೆ ತೊಟ್ಟಿಲ ಮ್ಯಾಲೋ. ಬಿಚ್ಚಿಬಿಡೋಣ ಬನ್ನಿ."

ಅವರಿಬ್ಬರೂ ಒಂದೊಂದೇ ತಿರುಪು ಬಿಚ್ಚತೊಡಗಿದರು. ಅವನು ಸಡಿಲಿಸಿ ಕೊಡುವನು, ಅವಳು ತಿರುಗಿಸಿ ಹೊರತೆಗೆದು ಸೆರಗಿನಲ್ಲಿ ಹಾಕಿಕೊಳ್ಳುವಳು. ನಡುವೆ ಹೊನ್ನೇಗೌಡರು ನಾಲ್ಕು ಜನರನ್ನು ಕರೆದುಕೊಂಡು ಹತ್ತಿ ಬಂದರು. "ಊರನ್ನ ಕೇಳ್ದೆ ಬಿಚ್ಚೋಕೆ ಇದು ನಿಮ್ಮಿಬ್ಬರ ಮನೇದಾ?" ಅಂದರು. ಅತ್ತಿಗೆ ಕೈಯ ಕೆಲಸ ನಿಲ್ಲಿಸದೆ, "ನೀವು ಬಂದು ಅಟ್ಟದ ಮೇಲೆ ಕೂತು ಎಲ್ಲಿ ಹೆಚ್ಚೈತೆ ಅಂತ ತೋರ್ಸಿ ಯಜಮಾನ್ರೆ. ಈಗಲೇ ಮತ್ತೆ ಕೂರಿಸ್ತೀವಿ," ಅಂದಳು. ಅವರು ವೀರಾಚಾರಿಯ ವಿಷಯ ಕೇಳಿ ತಿಳಿದುಕೊಂಡು ಒಂದು ಕಲ್ಲಿನ ಮೇಲೆ ಕೂತರು. ಆಮೇಲೆ ಜೊತೆಗೆ ಬಂದವರಿಗೆ ತಗಡು ಹಿಡಿದುಕೊಳ್ಳಿರೋ ಎಂದರು. ಮದುವೆಯಾದಾಗಿನಿಂದ ಅಣ್ಣ ಅತ್ತಿಗೆ ಅಷ್ಟು ಹೊತ್ತು ಹಗಲಿನಲ್ಲಿ ಒಟ್ಟಿಗಿದ್ದದ್ದನ್ನು ನಾನು ಕಂಡಿರಲಿಲ್ಲ. ಬುತ್ತಿ ತಂದಿರಲಿಲ್ಲ, ಅಣ್ಣನ ಹತ್ತಿರ ಉಳಿದಿದ್ದ ರೊಟ್ಟಿಯನ್ನು ಮುರಿದು ಇಬ್ಬರೂ ತಿಂದರು. ಅವಳ ಹಣೆಗೆ ಅಂಟಿದ್ದ ಕಿಲುಬನ್ನು ಅವನು ಒರಸಿದ. ತಗಡು ಕಳಚಿ ಒರಗಿದಾಗ ಕೆಳಗೆ ಊರಿನ ನಡುವೆ ಬೆಳಕು ಒಮ್ಮೆಲೇ ಕೂಡಿಕೊಂಡಿತು, ಸುತ್ತ ಎಲ್ಲ ಮಸುಕಾಯಿತು.

ಆ ಸಂಜೆ ಅತ್ತಿಗೆ ಅಪ್ಪನ ಮನೆಗೆ ಹೋದಳು. ಅವರನ್ನು ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಮೊದಮೊದಲು ಅವಳಿಗೂ ಅಲ್ಲಿ ಕಣ್ಣು ಕಾಣುತ್ತಿರಲಿಲ್ಲವಂತೆ. ಕುರುಡು ತಂದೆಯೇ ಕೈ ಹಿಡಿದು ಬಾವಿ ಎಲ್ಲಿ, ಕೊಟ್ಟಿಗೆ ಎಲ್ಲಿ ಎಂದು ತೋರಿಸುತ್ತಿದ್ದರಂತೆ. ಕಪಾಟು ಮಾಡಿದ್ದ ಕಿಟಕಿಗಳನ್ನು ಕೇರಿಯವರು ಒಬ್ಬೊಬ್ಬರಾಗಿ ಮತ್ತೆ ತೆರೆಸಿದರು. ನಮ್ಮ ಕಡೆಯವರು ಕಿಟಕಿ ಮುಚ್ಚಿಸಿ, ಮನೆಯೊಳಗಿನ ಅಟ್ಟಕ್ಕೆಸೆದಿದ್ದ ಕೊಡೆಗಳನ್ನು ಹುಡುಕಿದರು. ಸಮ ಬೆಳಕಿನ ಕಾಲದಲ್ಲಿ ಕೊಟ್ಟು ತಂದ ಹೆಣ್ಣುಮಕ್ಕಳಲ್ಲಿ ಕೆಲವರು ಇದ್ದಲ್ಲೇ ಕಷ್ಟಪಟ್ಟು ಒಗ್ಗಿಕೊಂಡರು, ಕೆಲವರು ಮರಳಿ ಹೋದರು. ಕಾಲ ಕಳೆದು ಅತ್ತಿಗೆಯ ಕಣ್ಣು ಹಿಂದಿನಂತಾಯಿತು. ಹಿಂದಿಗಿಂತಲೂ ಎಳಸಾಯಿತು, ಸಂತೆಯ ದೀಪಗಳ ಬೆಳಕೂ ಚುಚ್ಚುತ್ತದೆ ಎಂದು ಸಂಜೆಗೂ ಈ ಕಡೆ ಬರುವುದನ್ನು ಬಿಟ್ಟಳು. ಅಣ್ಣ ಮತ್ತೊಮ್ಮೆ ಅಲ್ಲಿಗೆ ಹೋಗಿ ಇರಲು ನೋಡಿದ. ಅಷ್ಟು ವರ್ಷ ಹೊಳೆಯುವ ತಗಡಿನ ಪಕ್ಕದಲ್ಲೇ ನಿಂತ ಅವನ ಕಣ್ಣು ನಮ್ಮೆಲ್ಲರ ಕಣ್ಣಿಗಿಂತ ಮೊಂಡಾಗಿತ್ತು. ಒಂದು ದಿನ ತೋಟದ ಕಾಲುವೆಗೆ ಬಿದ್ದು ಸೊಂಟ ಮುರಿದುಕೊಂಡ. ಅತ್ತಿಗೆಯೇ, "ನೀವು ಹೋಗಿ. ಇಬ್ಬರನ್ನ ಹಿಡಿದು ನಡೆಸೋಕೆ ನನ್ನ ಕೈಲಾಗಲ್ಲ," ಎಂದು ಕಳಿಸಿದಳು. ಬೇಕೆಂದೇ ಒರಟಾಗಿ ಅಂದಳು ಎಂದು ನನಗನ್ನಿಸಿತು.

ಈಗ ಅಣ್ಣ ಕೋಲೂರಿಕೊಂಡು ನಡೆಯುತ್ತಾನೆ. ಆಗಾಗ ಬೈಗಿನ ಹೊತ್ತಿಗೆ ನಾನು ಅವನನ್ನು ಎರಡು ಕೇರಿಗಳ ನಡುವಿನ ಹೊಂಗೆಮರದವರೆಗೆ ಕರೆದುಕೊಂಡು ಹೋಗುತ್ತೇನೆ. ಅತ್ತಿಗೆ ಆ ಕಡೆಯಿಂದ ಅಲ್ಲಿಗೆ ಬರುತ್ತಾಳೆ. ಅಲ್ಲಿಂದ ಮುಂದೆ ಬಂದರೆ ಅವಳ ಕಣ್ಣಿಗೆ ನೀರು ಬರುತ್ತದೆ, ಅಲ್ಲಿಂದ ಮುಂದೆ ಹೋದರೆ ನಾವು ಎಡವುತ್ತೇವೆ. ಕಟ್ಟೆಯ ಮೇಲೆ ಕೂತು ಮಾತಾಡುತ್ತಾರೆ. ಮಾವ ಹೇಗಿದ್ದಾರೆ, ಬಳ್ಳಿ ಮತ್ತೆ ಹಬ್ಬಿತೇ, ಸೊಂಟದ ನೋವು ಹೇಗಿದೆ, ಇಂಥವೇ ಮಾತುಗಳು. ಹೋದ ಸಲ ಅವಳು ಅವನ ಮುಖವನ್ನೇ ನೋಡುತ್ತಿದ್ದು, "ಎಡಗಡೆ ಹುಬ್ಬಲ್ಲಿ ನರೆ ಬಂದೈತೆ. ಗಡ್ಡ ಸರಿಯಾಗಿ ತೆಗೆದಿಲ್ಲ. ಸೊರಗಿದ್ದೀರಿ, ಹೊತ್ತಿಗೆ ಸರಿಯಾಗಿ ಉಣ್ರಿ," ಅಂದಳು. ಆಮೇಲೆ ಎಲೆಯ ಕಟ್ಟೊಂದನ್ನು ನನ್ನ ಕೈಗಿಟ್ಟು, ಅಪ್ಪ ಕಾಯ್ತಿರ್ತಾನೆ ಎಂದು ಎದ್ದು ಹೋದಳು. ನಾಲ್ಕು ಹೆಜ್ಜೆಗೆ ಅವಳು ನಮಗೆ ಕಾಣದಾದಳು, ಗೆಜ್ಜೆಯ ಸದ್ದು ಮಾತ್ರ ಸ್ವಲ್ಪ ದೂರ ಕೇಳಿಸಿತು.

ಹಿಂದಿರುಗುವ ದಾರಿಯಲ್ಲಿ ಅಣ್ಣ ನನ್ನ ಭುಜ ಹಿಡಿದು ನಡೆದ. ನಮ್ಮ ಬೀದಿಯ ತಿರುವು ಬಂದಾಗ ನಿಂತು, "ಕಾಳಿ, ಹೇಗಿದ್ದಾಳೆ ಅವಳು? ಆ ಕತ್ತಲಲ್ಲಿ ನನಗೆ ಮುಖ ಕಾಣಲಿಲ್ಲ," ಎಂದು ಕೇಳಿದ.

"ಚೆನ್ನಾಗಿದ್ದಾರೆ ಅಣ್ಣ. ಮೊದಲಿನ ಹಂಗೇ ಇದ್ದಾರೆ," ಅಂದೆ.

ನನಗೂ ಕಂಡಿರಲಿಲ್ಲ.